ನಿಲ್ಲಿಸಿದ ಸಿರಪ್, ನಂಬಿದ ಯೀಸ್ಟ್

ಇಡ್ಲಿ ತಟ್ಟೆಯನ್ನು ದೂರ ಸರಿಸಿ ಇರಾ ಹೇಳಿದಳು, "ಅಮ್ಮಾ, ಕಡುಪು ನೊಪ್ಪಿ."

ಹೊಟ್ಟೆನೋವು. ಐದು ವರ್ಷದ ನನ್ನ ಮಗಳಿಗೆ ನೋವು ಹೇಳಲು ತೆಲುಗೇ ಬೇಕು. ಶಾಲೆ ತಪ್ಪಿಸುವ ಆಟವೆಂದುಕೊಂಡು ವ್ಯಾನ್ ಹತ್ತಿಸಿದೆ.

ಎರಡು ವಾರ ಭೇದಿ ನಿಲ್ಲಲಿಲ್ಲ. ಫ್ರಾಕು ಹೆಗಲಿನಿಂದ ಜಾರತೊಡಗಿತು. ತೆಲುಗು ನಾಡಿನ ಪೆಂಡುರ್ತಿಯ ಮನೆಯಲ್ಲಿ ನಾವಿಬ್ಬರೇ. ಪತಿಯನ್ನು ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಮಾಡಿದ್ದರು.

ಡಾಕ್ಟರ್ ಮಾಡಿಸಿದ ಮಲಪರೀಕ್ಷೆಯ ರಿಪೋರ್ಟ್ ಬಂತು. ಜಿಯಾರ್ಡಿಯಾ.

ಕೊಳಕು ನೀರಿನಿಂದ ಒಳಸೇರಿ, ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಕಚ್ಚಿಕೊಂಡು ಕೂರುವ ಪರಾವಲಂಬಿ ಎಂದು ಡಾಕ್ಟರ್ ವಿವರಿಸಿದರು. ಐದು ದಿನ ಸಿರಪ್, ಜೊತೆಗೆ ಯೀಸ್ಟ್ ಪುಡಿಯ ಪ್ಯಾಕೆಟ್. "ಈ ಯೀಸ್ಟ್ ಅದು ಅಂಟಿಕೊಳ್ಳದಂತೆ ಅಡ್ಡ ಬರಬಹುದು. ಬಹುದು, ಅಷ್ಟೇ. ಅದನ್ನು ಕೊಲ್ಲುವುದು ಸಿರಪ್."

ಸಿರಪ್ ವಿಪರೀತ ಕಹಿ. ಕುಡಿಸಿದಷ್ಟೂ ವಾಂತಿ. ಎರಡನೆಯ ದಿನ ಮೂಗು ಹಿಡಿದು ಕುಡಿಸಿದಾಗ ಇರಾ ನನ್ನನ್ನು ನೋಡಿ ಹೆದರಿದಳು. ಆ ನೋಟ ತಡೆಯಲಾಗಲಿಲ್ಲ. ಯೀಸ್ಟಿನ ಬಗ್ಗೆ ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ; ಪರಾವಲಂಬಿ ಅಂಟುವುದನ್ನು ಅದು ತಡೆಯಿತು ಎಂಬ ಪ್ರಯೋಗಗಳ ಸುದ್ದಿ ಅಲ್ಲಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡದ್ದು ಮನುಷ್ಯರ ಹೊಟ್ಟೆಯಲ್ಲೂ ಹಾಗೆಯೇ ಆಗಬೇಕಿಲ್ಲ; ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುವ ನಾನು ಕಿರಿಯರಿಗೆ ಎಷ್ಟೋ ಸಲ ಹೇಳಿದ ಮಾತಿದು. ಆದರೂ ಸಿರಪ್ ನಿಲ್ಲಿಸಿದೆ. ಆರಿದ ಗಂಜಿಯಲ್ಲಿ ಯೀಸ್ಟ್ ಮಾತ್ರ ಕಲಸಿ ಕೊಟ್ಟೆ.

ಯಾರಿಗೂ ಹೇಳಲಿಲ್ಲ.

ಮೂರು ದಿನ ವಾಂತಿಯಿಲ್ಲ. ಶಾಲೆಗೂ ಕಳಿಸಿದೆ. ನಾಲ್ಕನೆಯ ದಿನ ಮಧ್ಯಾಹ್ನ ಟೀಚರ್ ಫೋನ್ ಮಾಡಿದರು, ಬೆಳಗಿನಿಂದ ಭೇದಿ ನಿಂತಿಲ್ಲವೆಂದು. ಆಟೋದಲ್ಲಿ ನನ್ನ ತೊಡೆಯ ಮೇಲೆ ಮಲಗಿ ಇರಾ ಅಳುತ್ತಿದ್ದಳು. ಕಣ್ಣೀರು ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಮೂರನೆಯ ಸಲ ಡ್ರಿಪ್ ಹತ್ತಿತು. ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ತೆಲುಗಿನಲ್ಲಿ ಕೇಳಿದರು, "ಸಿರಪ್ ಪೂರ್ತಿ ಕೊಟ್ಟಿರಾ ಅಮ್ಮಾ? ಕೊಟ್ಟೂ ಹೀಗಾಗಿದ್ದರೆ ನಾನು ಬೇರೆಯೇ ಕಾಯಿಲೆ ಹುಡುಕಬೇಕು."

ಹೌದು ಎನ್ನಲು ಬಾಯಿ ತೆರೆದಿದ್ದೆ.

"ಇಲ್ಲ. ಎರಡೇ ದಿನ ಕೊಟ್ಟೆ. ಆಮೇಲೆ ಬರೀ ಯೀಸ್ಟ್."

ಅವರು ಬೈಯಲಿಲ್ಲ. ಕೇಸ್‌ಶೀಟಿನಲ್ಲಿ ಬರೆದುಕೊಂಡರು. "ಕಹಿ ಅಂತ ಅವತ್ತೇ ಒಂದು ಫೋನ್ ಮಾಡಬಹುದಿತ್ತು," ಎಂದರು. ಒಂದೇ ಡೋಸಿನ ಮಾತ್ರೆ ತರಿಸಿ, ಪುಡಿಮಾಡಿ, ಬೆಲ್ಲದ ಪಾಕದಲ್ಲಿ ಕುಡಿಸಿದರು. ಮಗು ಮುಖ ಕಿವುಚಿ ನುಂಗಿತು. ಒಂದು ಗಂಟೆ ನಾನು ಅವಳ ಬಾಯನ್ನೇ ನೋಡುತ್ತ ಕೂತಿದ್ದೆ. ವಾಂತಿಯಾಗಲಿಲ್ಲ.

ನನ್ನ ಫೋನ್ ಬಂದೊಡನೆ ಹೊರಟು, ರಾತ್ರಿ ವಿಜಯವಾಡದ ರೈಲಿಳಿದು ಪತಿ ನೇರ ವಾರ್ಡಿಗೆ ಬಂದರು. ಅವರದು ಧಾರವಾಡದ ಕಡೆಯ ಮಾತು, ನನ್ನದೂ.

"ನಾನ ಔಷಧ ನಿಲ್ಲಿಸಿದ್ದೆರಿ," ಎಂದೆ.

ಅವರು ಮಗಳ ಪಾದ ಹಿಡಿದು ಕೂತರು. "ಆಕಿ ಹಂಗ ಅತ್ತಿದ್ರ ನಾನೂ ಬಿಡತಿದ್ನೇನೋ. ಆದ್ರ ನನಗರೆ ಹೇಳಬೇಕಿತ್ತಲ್ಲ."



ಮೂರನೆಯ ದಿನ ಮನೆಗೆ ಬಂದೆವು. ಮುಂದಿನ ರಿಪೋರ್ಟಿನಲ್ಲಿ ಜಿಯಾರ್ಡಿಯಾ ಇರಲಿಲ್ಲ. ಡಾಕ್ಟರ್ ಹೇಳಿದಷ್ಟು ದಿನ ಯೀಸ್ಟನ್ನೂ ಕೊಟ್ಟೆ. ಅದರಿಂದ ಎಷ್ಟು ನೆರವಾಯಿತೋ ನನಗೆ ಗೊತ್ತಿಲ್ಲ. ಕೇಳಿದರೆ ತಮಗೂ ಗೊತ್ತಿಲ್ಲವೆಂದರು ಡಾಕ್ಟರ್. ಹಾಗೆ ಹೇಳಿದ್ದಕ್ಕೇ ಅವರ ಮೇಲೆ ನನಗೆ ನಂಬಿಕೆ ಹೆಚ್ಚಾಯಿತು.

ಮೊನ್ನೆ ಭಾನುವಾರ ಮೂವರೂ ಭೀಮುನಿಪಟ್ಟಣದ ಕಡಲತೀರಕ್ಕೆ ಹೋಗಿದ್ದೆವು. ಇರಾ ಮರಳಿನಲ್ಲಿ ಓಡಿ ಓಡಿ ಬಂದು ನೀರು ಕೇಳಿದಳು. ಕುದಿಸಿ ಆರಿಸಿದ ನೀರಿನ ಬಾಟಲಿ ಕೊಟ್ಟೆ. ಗಟಗಟ ಕುಡಿದು, ಅಂಗಿಯಲ್ಲಿ ಬಾಯಿ ಒರೆಸಿಕೊಂಡು, ಮತ್ತೆ ಓಡಿದಳು.