ಕಾಂಡ್ಲಾ ಕಾಡಿನ ಗೇಟಿನಲ್ಲಿ ಮಾಲತಿ

ಕಳೆದ ಭಾನುವಾರ ಬೆಳಿಗ್ಗೆ ಹಕ್ಕಿ ನೋಡಲೆಂದು ನಾನು ಕರೆದುಕೊಂಡು ಹೋದ ಮಾಲತಿಯ ಕೈಗೆ ನಮ್ಮ ಗುಂಪಿನ ಹಿರಿಯರೊಬ್ಬರು ಕಸದ ಚೀಲ ಕೊಟ್ಟರು. ಅವಳು ತೆಗೆದುಕೊಂಡಳು ಕೂಡ!

ತಪ್ಪು ನನ್ನದೇ, ಕೇಳಿ. ಕೊಚ್ಚಿಯ ನಮ್ಮ ಬ್ಯಾಂಕ್ ಶಾಖೆಯಲ್ಲಿ ಹೌಸ್‌ಕೀಪಿಂಗ್ ಮಾಡುವ ಮಾಲತಿ ಒಡಿಶಾದವಳು. (ಇಲ್ಲಿ ಎಲ್ಲರ ಬಾಯಲ್ಲೂ ಅವಳು 'ಬಂಗಾಳಿ'. ಆ ಕಡೆಯಿಂದ ಬಂದವರೆಲ್ಲ ಬಂಗಾಳಿಗಳೇ.) ಊರ ನಡುವಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಪಕ್ಕದಲ್ಲೇ ನಾಲ್ಕು ವರ್ಷದಿಂದ ದಿನಾ ನಡೆದು ಬರುತ್ತಾಳೆ. ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಯಾಕೆ ಎಂದರೆ, "ಗೇಟ್ ಇದೆಯಲ್ಲ ಮೇಡಂ" ಅಂದಳು. (ನಮ್ಮಿಬ್ಬರ ಮಾತೆಲ್ಲ ಹಿಂದಿಯಲ್ಲಿ.) ಗೇಟ್ ಇರುವುದೇ ಒಳಗೆ ಹೋಗಲಿಕ್ಕೆ, ಬಾ ನನ್ನ ಜೊತೆ ಅಂದೆ. ನಮ್ಮ ಹಕ್ಕಿ ಗುಂಪಿನ ನಿಯಮವನ್ನೂ ಹೇಳಿದೆ: ಹಕ್ಕಿಗಳು ಬೆದರುತ್ತವೆ, ಗಾಢ ಬಣ್ಣದ ಬಟ್ಟೆ ಬೇಡ.

ಅವಳ ಸೀರೆ, ಚೂಡಿದಾರಗಳೆಲ್ಲ ಹಳದಿ, ಕೆಂಪು. ಮಂಕು ಬಣ್ಣದ್ದು ಇರುವುದು ಒಂದೇ, ಬ್ಯಾಂಕಿನ ಬೂದು ಯೂನಿಫಾರ್ಮ್. ಅದನ್ನೇ ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದಳು!

ಗೇಟಿನಲ್ಲಿ ವಾಚ್‌ಮನ್ ಹನ್ನೆರಡು ಜನರಲ್ಲಿ ಅವಳೊಬ್ಬಳನ್ನೇ ತಡೆದ. "ಆಧಾರ್ ಉಂಡೋ?" ಆಧಾರ್ ಇದೆಯಾ ಅಂತ. ಅವಳು ಚಂದದ ಮಲಯಾಳದಲ್ಲಿ ಉತ್ತರ ಕೊಟ್ಟಳು. ಹಾಸನದಿಂದ ಬಂದು ಮೂರು ವರ್ಷವಾದರೂ ನನ್ನ ಮಲಯಾಳ 'ಚೋರು, ಮೀನ್' (ಅನ್ನ, ಮೀನು) ದಾಟಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. (ಕೊರಳಲ್ಲಿ ಬೈನಾಕ್ಯುಲರ್ ಇತ್ತಲ್ಲ!) "ನನ್ನ ಜೊತೆ ಬಂದಿದ್ದಾಳೆ ಚೇಟ್ಟಾ" ಅಂದೆ. ಬಿಟ್ಟ. ಏನೋ ದೊಡ್ಡ ಉಪಕಾರ ಮಾಡಿದೆ ಅಂತ ಒಳಗೊಳಗೇ ಬೀಗಿದೆ.

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಸದ ಚೀಲ ಬಂತು. ಗುಡಿಸುವವಳೆಂದುಕೊಂಡರಂತೆ! "ಅವಳು ನಮ್ಮ ಅತಿಥಿ ಸಾರ್" ಎಂದು ಕಿತ್ತುಕೊಂಡೆ. ಅವರ ಮುಖ ಸಣ್ಣದಾಯಿತು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾಲತಿಗೆ ಇದಾವುದರ ಪರಿವೆಯೇ ಇರಲಿಲ್ಲ. ನೀರಿಳಿದ ಕೆಸರಿನ ಅಂಚಿನಲ್ಲಿ ನಿಂತುಬಿಟ್ಟಿದ್ದಳು. "ಮೇಡಂ, ಇದು ನಮ್ಮೂರ ಗಿಡ!" ಕಡಲ ದಂಡೆಯ ಅವಳ ಹಳ್ಳಿಯ ಸುತ್ತ ಇದೇ ಕಾಂಡ್ಲಾವಂತೆ. "ಚಂಡಮಾರುತ ಬಂದಾಗ ನಮ್ಮನೆ ಉಳಿದದ್ದು ಇದರಿಂದಲೇ. ಅಪ್ಪ ಇದಕ್ಕೆ ಕೈ ಮುಗೀತಿದ್ದ."

ಆಮೇಲೆ ಕುಕ್ಕರಗಾಲಲ್ಲಿ ಕೂತು, ಸುಮ್ಮನಿರಿ ಎಂದು ನಮಗೆಲ್ಲ ಕೈಸನ್ನೆ ಮಾಡಿದಳು. ಮೊಳದುದ್ದದ ಲೆನ್ಸಿನವರೂ ತೆಪ್ಪಗೆ ಕೂತರು. ಒಂದು ನಿಮಿಷ. ಎರಡು. ಐದು.

ಅಬ್ಬಬ್ಬಾ! ಕೆಸರಿಗೇ ಜೀವ ಬಂತು. ತೂತುತೂತಿನಿಂದ ಹೆಬ್ಬೆರಳಿನ ಉಗುರಿನಷ್ಟು ಏಡಿಗಳು, ನೂರಾರು! ಗಂಡೇಡಿಗಳಿಗೆಲ್ಲ ಒಂದೊಂದು ಕೈ ಮಾತ್ರ ದೊಡ್ಡದು, ಕೆಂಪು. ಅದನ್ನೆತ್ತಿ ಎಲ್ಲವೂ ಬೀಸುತ್ತಿವೆ. ಇಷ್ಟು ದಿನ ಕತ್ತೆತ್ತಿ ಹಕ್ಕಿ ನೋಡಿದ್ದೇ ಬಂತು, ಕಾಲ ಕೆಳಗೆ ಇಂಥದ್ದೊಂದು ಲೋಕ ಇದೆಯೆಂದು ಯಾರಿಗೆ ಗೊತ್ತಿತ್ತು? ಚೀಲ ಕೊಟ್ಟ ಹಿರಿಯರು ಉಸಿರು ಬಿಗಿಹಿಡಿದು ಅವಳ ಪಕ್ಕದಲ್ಲೇ ಕೂತಿದ್ದರು. ಎದ್ದಾಗ ಅವಳಿಗೆ ಕೈ ಮುಗಿದರು.

ವಾಪಸ್ ಬರುವಾಗ ವಾಚ್‌ಮನ್ ನಕ್ಕು "ಶರಿ ಚೇಚಿ" ಅಂದ. 'ಸರಿ ಅಕ್ಕಾ' ಅಂದದ್ದು ನನಗೆ, ಅವಳಿಗಲ್ಲ.

"ಮಗಳಿಗೆ ಏಳು ವರ್ಷ ಮೇಡಂ. ಹುಟ್ಟಿದ್ದು ಇಲ್ಲೇ, ನಮ್ಮೂರನ್ನೇ ನೋಡಿಲ್ಲ. ಅವಳಿಗೆ ಈ ಗಿಡ ತೋರಿಸಬೇಕು" ಅಂದಳು ಮಾಲತಿ. ಧಾರಾಳವಾಗಿ ಕರೆದುಕೊಂಡು ಬಾ ಅಂದೆ. ಅವಳು ಗೇಟಿನತ್ತ ತಿರುಗಿ ನೋಡಿದಳು. ನನಗೆ ತಿರುವನಂತಪುರಕ್ಕೆ ಟ್ರಾನ್ಸ್‌ಫರ್ ಆಗಿದೆ, ಈ ವಾರವೇ ಹೊರಡುತ್ತೇನೆ ಎನ್ನುವುದು ಶಾಖೆಯಲ್ಲಿ ಎಲ್ಲರಿಗೂ ಗೊತ್ತು.

"ನೀವು ಹೋದ ಮೇಲೆ ನಾವಿಬ್ಬರೇ ಬಂದರೂ ಬಿಡ್ತಾರಾ ಮೇಡಂ?"