ಒಂಬತ್ತು ವಾರದ ಎಲ್ವಿರಾ

ಎಲ್ವಿರಾ ಸಾಲಿನಾಸ್ ಕೂತದ್ದನ್ನು ಕಂಡವರು ಆ ಶಾಲೆಯಲ್ಲಿ ಕಡಿಮೆ. ಕಚೇರಿ ಕಿಟಕಿಯ ಹಿಂದೆ ಅವಳಿಗೆ ಒಳ್ಳೆಯ ಮೆತ್ತನೆಯ ಕುರ್ಚಿಯನ್ನೇ ಕೊಟ್ಟಿದ್ದರು. ಅದರ ಮೇಲೆ ಅವಳ ಕೈಚೀಲ ಕೂರುತ್ತಿತ್ತು. ಅವಳು ಮಾತ್ರ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಇರುವಳು. ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ತರಗತಿಗಳಿಂದ ಹಾಜರಿ ಬಂದರೆ, ಎಂಟೂವರೆಯೊಳಗೆ ಬಾರದ ಪ್ರತಿ ಮಗುವಿನ ಮನೆಗೂ ಫೋನು. ಹೊಟ್ಟೆನೋವು ಅಂದರೆ ನಿನ್ನೆ ಏನು ತಿಂದಳು ಎಂದು ವಿಚಾರಣೆ; ಕಾರು ಕೆಟ್ಟಿದೆ ಅಂದರೆ ಶಾಲೆಯ ವ್ಯಾನು ಮನೆ ಬಾಗಿಲಿಗೆ. ಈ ಕಾಟಕ್ಕೆ ಬೇಸತ್ತ ಒಬ್ಬ ತಂದೆ, "ನಿನಗಿಂತ ಗಡಿ ಪೊಲೀಸರೇ ವಾಸಿ ಕಣಮ್ಮ, ಒಂದು ಸಲ ಕೇಳಿ ಸುಮ್ಮನಾಗ್ತಾರೆ" ಅಂದಿದ್ದ. ಎಲ್ವಿರಾ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಳು.

ಟೆಕ್ಸಸ್ಸಿನ ದಕ್ಷಿಣದ ತುದಿಯಲ್ಲಿ, ನದಿ ದಾಟಿದರೆ ಮೆಕ್ಸಿಕೊ ಸಿಗುವ ಡೋನಾ ಊರಿನ ಶಾಲೆ ಅದು. ಕಿತ್ತಳೆ ಡಬ್ಬಿಗೆ ತುಂಬುವವರ, ಹೋಟೆಲಿನ ಕೋಣೆ ಗುಡಿಸುವವರ ಮಕ್ಕಳೇ ಹೆಚ್ಚು. ಆರನೇ ತರಗತಿಗೆ ಕಾಲಿಟ್ಟ ದಿನವೇ 'ನೀನು ಕಾಲೇಜಿಗೆ ಹೋಗ್ತೀಯ' ಎಂದು ಹೇಳಿಬಿಡುತ್ತಾರೆ. ಹೋಗುತ್ತೀಯಾ ಎಂದು ಕೇಳುವ ಪದ್ಧತಿ ಅಲ್ಲಿಲ್ಲ. ಹನ್ನೆರಡನೇ ತರಗತಿಯವರಿಗೆ ಯಾವುದಾದರೂ ಕಾಲೇಜಿನಿಂದ ಸೀಟು ಸಿಕ್ಕಿದ ಪತ್ರ ಬಂದರೆ ಎಲ್ವಿರಾಳ ಕಿಟಕಿಯ ಪಕ್ಕದ ಗಂಟೆ ಬಾರಿಸಬೇಕು. ಇಡೀ ಶಾಲೆ ಪಾಠ ನಿಲ್ಲಿಸಿ ಚಪ್ಪಾಳೆ ತಟ್ಟುತ್ತದೆ. ಆಮೇಲೆ ಪತ್ರದ ಒಂದು ಪ್ರತಿಯನ್ನು ಅವಳ ಕೈಗೆ ಕೊಡಬೇಕು.

ಇನ್ನೊಂದು ಪದ್ಧತಿ ದೊಡ್ಡವರದು. ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ತಾವು ಓದಿದ ಕಾಲೇಜಿನ ಬಾವುಟವನ್ನು ಬಾಗಿಲಿಗೆ ತೂಗುಹಾಕಬೇಕು, ಮಕ್ಕಳು ದಿನಾ ನೋಡಲಿ ಎಂದು. ಎಲ್ವಿರಾಳ ಬಾಗಿಲಲ್ಲೂ ಸ್ಯಾನ್ ಆಂಟೋನಿಯೋದ ಒಂದು ಕಾಲೇಜಿನ ಕೆಂಪು ಬಾವುಟ ಹನ್ನೆರಡು ವರ್ಷದಿಂದ ತೂಗುತ್ತಿತ್ತು. ಆ ಕಾಲೇಜಿನಲ್ಲಿ ಅವಳು ಓದಿದ್ದು ಒಂಬತ್ತು ವಾರ. ಕೆಲಸದ ಅರ್ಜಿಯಲ್ಲಿ ಅವಳು ಸುಳ್ಳು ಬರೆದಿರಲಿಲ್ಲ, ಪಾಪ. ಬಾವುಟ ತನ್ನಿ ಅಂದಾಗ ಎಲ್ಲರ ಜೊತೆ ತಾನೂ ತರಿಸಿಕೊಂಡಳು, ಅಷ್ಟೆ. ಮಕ್ಕಳು ಅಲ್ಲಿ ಹೇಗಿತ್ತು ಎಂದು ಕೇಳುವರು. ಅಲ್ಲಿಯ ಊಟದ ಮನೆ, ಗ್ರಂಥಾಲಯದ ಮೆಟ್ಟಿಲು, ಗೊರಕೆ ಹೊಡೆಯುವ ಕೋಣೆಯ ಗೆಳತಿ, ಎಲ್ಲವನ್ನೂ ಹೇಳುವಳು. ಒಂಬತ್ತು ವಾರದ ಸರಕಿನಲ್ಲೇ ಹನ್ನೆರಡು ವರ್ಷ ಹೀಗೆ ನಡೆಸಿದ್ದಳು.

ಆ ವರ್ಷ ಏಪ್ರಿಲ್ ಕೊನೆಯ ವಾರ ಕಡತ ಜೋಡಿಸುವಾಗ ಒಂದು ಪತ್ರದ ಪ್ರತಿ ಕಡಿಮೆ ಬಿತ್ತು. ಯಾರಿಟ್ಸಾ ಮೊಂಟೆಮಾಯೋರ್ ಎಂಬ ಹುಡುಗಿಯದು. ಡಿಸೆಂಬರಿನಲ್ಲೇ ಗಂಟೆ ಬಾರಿಸಿದ್ದಳು, ಪ್ರತಿ ನಾಳೆ ತರುತ್ತೇನೆ ಅಂದಿದ್ದಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಸೋಮವಾರ ಊಟದ ಹೊತ್ತಿಗೆ ಎಲ್ವಿರಾ ಅವಳನ್ನು ಕಚೇರಿಗೆ ಕರೆದಳು. ಮನೆಯಲ್ಲಿದೆ ಎಂದು ಶುರುವಾದದ್ದು ಎರಡೇ ಪ್ರಶ್ನೆಗೆ ಅಳುವಾಯಿತು. ಪತ್ರವೇನೋ ಬಂದಿತ್ತು; ಸೀಟು ಇಲ್ಲ ಎಂದು ಬಂದಿತ್ತು. ಅದೇ ದಿನ ಮೂವರು ಗೆಳತಿಯರು ಗಂಟೆ ಬಾರಿಸಿ, ನಿನ್ನದೂ ಬಂದಿರಬೇಕಲ್ಲ ಎಂದು ಕೈ ಹಿಡಿದು ಎಳೆದಿದ್ದರು.

"ಗಂಟೆ ಹಗ್ಗ ಎಳೆದುಬಿಟ್ಟೆ ಮಿಸ್," ಅಂದಳು ಯಾರಿಟ್ಸಾ. ಆ ಕಡೆ ಮಕ್ಕಳು ಎಲ್ಲ ಹೆಂಗಸರನ್ನೂ ಬರೀ ಮಿಸ್ ಅನ್ನುತ್ತಾರೆ, ಹೆಸರಿನ ಗೋಜಿಲ್ಲ. "ನಾನೂರು ಜನ ಚಪ್ಪಾಳೆ ಹೊಡೆದ್ರು. ಆಮೇಲೆ ಸುಳ್ಳು ಅಂತ ಹೆಂಗೆ ಹೇಳ್ಲಿ?"

ಹತ್ತಿರದ ಎಡಿನ್‌ಬರ್ಗ್ ಎಂಬ ಊರಿನ ಕಾಲೇಜು ಶುಕ್ರವಾರದವರೆಗೂ ಅರ್ಜಿ ತೆಗೆದುಕೊಳ್ಳುತ್ತಿತ್ತು. ಕಾಲೇಜು ಅರ್ಜಿಗಳ ಹೊಣೆ ಹೊತ್ತ ಮಿಸೆಸ್ ಓಚೋವಾ ಮನಸ್ಸು ಮಾಡಿದರೆ ನಾಲ್ಕು ದಿನದಲ್ಲಿ ಎಲ್ಲವನ್ನೂ ಮುಗಿಸಿಯಾಳು. ಆದರೆ ಅವಳಿಗೆ ನಿಜ ಗೊತ್ತಾಗಬೇಕು. ಎಲ್ಲರೆದುರು ಆಡಿದ ಸುಳ್ಳನ್ನು ಎಲ್ಲರೆದುರೇ ತಿದ್ದಬೇಕು ಎಂಬುದು ಆ ಶಾಲೆಯ ನಿಯಮ. ಬುಧವಾರ ಬೆಳಿಗ್ಗೆ ಇಡೀ ಶಾಲೆ ಆಟದ ಹಜಾರದಲ್ಲಿ ಸುತ್ತುಗಟ್ಟಿ ನೆಲದ ಮೇಲೆ ಕೂರುತ್ತದೆ. ತಪ್ಪಿದವರು ಎದ್ದು ನಿಂತು ಹೇಳುತ್ತಾರೆ. ಬೈಯುವಂತಿಲ್ಲ, ನಗುವಂತಿಲ್ಲ. ನಿನ್ನ ಜೊತೆ ಇದ್ದೇವೆ ಎನ್ನಲು ಚಿಟಿಕೆ ಹೊಡೆಯುತ್ತಾರೆ. ಬುಧವಾರ ಎದ್ದು ನಿಲ್ಲು ಅಂದಳು ಎಲ್ವಿರಾ.

ಯಾರಿಟ್ಸಾ ಒಪ್ಪಲಿಲ್ಲ. ಅವಳು ಬೇರೆಯೇ ಲೆಕ್ಕ ಹಾಕಿಟ್ಟಿದ್ದಳು. ಮೇ ತಿಂಗಳ ಬೀಳ್ಕೊಡುಗೆ ಸಮಾರಂಭದಲ್ಲಿ ವೇದಿಕೆ ಹತ್ತಿ ಕಾಲೇಜಿನ ಹೆಸರು ಹೇಳುವುದು, ಆಗಸ್ಟಿನಲ್ಲಿ ಕಾಲೇಜು ತೆರೆದಾಗ ಹೋಗದೆ ಇರುವುದು. "ಅಮ್ಮಂಗೆ ಹುಷಾರಿಲ್ಲ ಅಂದ್ಬಿಡ್ತೀನಿ. ಬೇಸಿಗೆ ರಜೇಲಿ ಯಾರು ಯಾರನ್ನ ಕೇಳ್ತಾರೆ?"

ಸ್ಯಾನ್ ಆಂಟೋನಿಯೋದಿಂದ ಬಸ್ಸು ಹತ್ತಿ ವಾಪಸು ಬಂದಾಗ ಎಲ್ವಿರಾ ಬೀದಿಯವರಿಗೆಲ್ಲ ಹೇಳಿದ್ದೂ ಅದನ್ನೇ, ಅಕ್ಷರ ಬಿಡದೆ. ಅಮ್ಮ ಗುಂಡುಕಲ್ಲಿನ ಹಾಗಿದ್ದಳು. ಎಲ್ವಿರಾ ಕಿತ್ತಳೆ ಡಬ್ಬಿಯ ಶೆಡ್ಡಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಳೆದಳು.

"ಹಂಗೆಲ್ಲ ಮಾಡಬೇಡ್ವೇ. ಒಂದು ಸಲ ತಪ್ಪಿಸಿಕೊಂಡ್ರೆ ಹೋಯ್ತು," ಅಂದಳು.

"ನಿಮಗೇನು ಮಿಸ್, ಓದಿ ಮುಗಿಸಿದೋರು. ಹೇಳೋದು ಸುಲಭ," ಎಂದು ಹುಡುಗಿ ಕಣ್ಣೊರೆಸಿಕೊಂಡು ಹೊರಟುಹೋದಳು.

ಮಂಗಳವಾರ ಎಲ್ವಿರಾಗೆ ಕೈಕಾಲು ಓಡಲಿಲ್ಲ. ಫೋನು ಹಚ್ಚಿ ಯಾರ ಮನೆಗೆ ಎಂದು ಮರೆತಳು. ಬಂದೇ ಇದ್ದ ಮಗುವಿನ ತಾಯಿಯನ್ನು ಎಬ್ಬಿಸಿ, ಮಗಳೆಲ್ಲಿ ಎಂದು ಗಾಬರಿ ಹುಟ್ಟಿಸಿದಳು. ಓಚೋವಾಳ ಬಾಗಿಲವರೆಗೆ ನಾಲ್ಕು ಸಲ ಹೋಗಿ ನಾಲ್ಕು ಸಲವೂ ವಾಪಸು ಬಂದಳು. ತಾನೇ ಹೇಳಿಬಿಟ್ಟರೆ ಹುಡುಗಿಗೆ ಅದು ಚಾಡಿಯಾಗುತ್ತದೆ. ಆಮೇಲೆ ಅವಳು ಈ ಕಟ್ಟಡದಲ್ಲಿ ಯಾರನ್ನೂ ನಂಬಲಾರಳು. ಹೇಳದಿದ್ದರೆ ಶುಕ್ರವಾರ ಕೈತಪ್ಪುತ್ತದೆ. ಮಧ್ಯಾಹ್ನ ಬೀನ್ಸ್ ತುಂಬಿದ ರೊಟ್ಟಿಯನ್ನು ಎರಡು ತುತ್ತು ತಿಂದು ಪಕ್ಕಕ್ಕಿಟ್ಟಳು. ತನ್ನ ಮೇಲೆಯೇ ಅವಳಿಗೆ ಕೆಟ್ಟ ಸಿಟ್ಟು ಬಂದಿತ್ತು.

ಬುಧವಾರ ಮುಖ್ಯೋಪಾಧ್ಯಾಯ ಬೆನವೀಡೆಸ್ ಯಾರಾದರೂ ಮಾತಾಡುವವರಿದ್ದಾರಾ ಎಂದು ಕೇಳಿದಾಗ, ಗೋಡೆಗೆ ಒರಗಿ ನಿಂತಿದ್ದ ಎಲ್ವಿರಾ ಮುಂದೆ ಬಂದಳು. ಹಾಜರಿಯ ವಿಷಯ ಇರಬೇಕು ಅಂದುಕೊಂಡು ಹುಡುಗರು ಗೊಣಗಿದರು.

"ನನ್ನ ಬಾಗಿಲ ಮೇಲಿರೋ ಬಾವುಟ ನಂದಲ್ಲ," ಅಂದಳು. "ಅಲ್ಲಿ ನಾನು ಒಂಬತ್ತು ವಾರ ಇದ್ದೆ. ಲೆಕ್ಕದ ಪರೀಕ್ಷೇಲಿ ಕೆಟ್ಟದಾಗಿ ಫೇಲಾದೆ, ನಾಚಿಕೆಯಾಯ್ತು. ಒಂದು ದಿನ ಕ್ಲಾಸಿಗೆ ಹೋಗ್ಲಿಲ್ಲ. ಯಾರಾದ್ರೂ ಕೇಳ್ತಾರೆ ಅಂತ ಕಾದೆ. ಒಂದು ವಾರ ಕಾದೆ. ಯಾರೂ ಫೋನ್ ಮಾಡ್ಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದೆ. ಹನ್ನೆರಡು ವರ್ಷದಿಂದ ನಿಮಗೆ ಸುಳ್ಳು ಹೇಳಿದೀನಿ."

ಹಜಾರದ ಒಂದು ಮೂಲೆಯಿಂದ ಚಿಟಿಕೆ, ಇನ್ನೊಂದು ಮೂಲೆಯಿಂದ ಚಿಟಿಕೆ. ಅಲ್ಲಿಗೆ ಮುಗಿಯಿತು ಎಂದು ಎಲ್ವಿರಾ ಗೋಡೆಯ ಕಡೆ ತಿರುಗುವಷ್ಟರಲ್ಲಿ ಆರನೇ ತರಗತಿಯ ಸಾಲಿನಲ್ಲಿ ನೋಯೆಮಿ ಎಂಬ ಪುಟ್ಟ ಹುಡುಗಿ ಕೈ ಎತ್ತಿದಳು. ಹಾಗಾದರೆ ಮಿಸ್ ಯಾವಾಗ ವಾಪಸು ಹೋಗುತ್ತೀರಿ ಎಂಬುದು ಅವಳ ಪ್ರಶ್ನೆ.

ಐವತ್ತಮೂರರ ಎಲ್ವಿರಾ ಈ ಪ್ರಶ್ನೆಯನ್ನು ಎಣಿಸಿರಲಿಲ್ಲ. ಗೊತ್ತಿಲ್ಲ ಎಂದಳು.

"ಗೊತ್ತಿಲ್ಲ ಅಂದ್ರೆ ನಮ್ ಕ್ಲಾಸಲ್ಲಿ ಕೂರಿಸಲ್ಲ, ಮಿಸ್," ಅಂದಳು ನೋಯೆಮಿ, ತುಂಬ ಮರ್ಯಾದೆಯಿಂದ. "ತಿಳ್ಕೊಂಡು ಹೇಳ್ತೀನಿ ಅನ್ಬೇಕು. ಯಾವತ್ತು ಅಂತಾನೂ ಹೇಳ್ಬೇಕು."

ನಾನೂರು ಮುಖಗಳು ಉತ್ತರಕ್ಕೆ ಕಾದವು. ಬೆನವೀಡೆಸ್ ನೆರವಿಗೆ ಬರಲಿಲ್ಲ, ಬೇಕೆಂದೇ ಬರಲಿಲ್ಲ. ತಿಳಿದುಕೊಂಡು ಬರುವ ಬುಧವಾರ ಹೇಳುತ್ತೇನೆ ಎಂದು ಎಲ್ವಿರಾ ಬಾಯಿಬಿಟ್ಟಳು.

ಆಗ ಹಿಂದಿನ ಸಾಲಿನಲ್ಲಿ ಯಾರಿಟ್ಸಾ ಎದ್ದು ನಿಂತಳು. ಎರಡೇ ಮಾತಿನಲ್ಲಿ ಮುಗಿಸಿದಳು: ನನಗೆ ಸೀಟು ಸಿಕ್ಕಿಲ್ಲ, ಡಿಸೆಂಬರಿನ ಗಂಟೆ ಸುಳ್ಳು. ಅವಳ ಮೂವರು ಗೆಳತಿಯರು ಬಾಯಿ ತೆರೆದು ನೋಡಿದರು. ಚಿಟಿಕೆ ಶುರುವಾಗುವ ಮೊದಲೇ ಮಿಸೆಸ್ ಓಚೋವಾ ಮಕ್ಕಳನ್ನು ದಾಟಿಕೊಂಡು ಬಂದು ಅವಳ ತೋಳು ಹಿಡಿದಿದ್ದಳು. ತಬ್ಬಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಇವತ್ತು ಬುಧವಾರ, ನಮಗೆ ಉಳಿದಿರುವುದು ಎರಡೂವರೆ ದಿನ ಎಂದಷ್ಟೇ ಹೇಳಿ ಎಳೆದುಕೊಂಡು ಹೋದಳು.

ಹತ್ತು ಗಂಟೆಗೆ ಎಲ್ವಿರಾ ಓಚೋವಾಳ ಕೋಣೆಯ ಹೊರಗೆ ನಿಂತಿದ್ದಳು. ಒಳಗೆ ಹೋಗಲು ಧೈರ್ಯವಿಲ್ಲ, ಕಿಟಕಿಗೆ ವಾಪಸು ಹೋಗಲು ಮನಸ್ಸಿಲ್ಲ. ಹುಡುಗಿ ಅರ್ಜಿಯ ಪ್ರಬಂಧ ಬರೆದು ಓದಿ ತೋರಿಸುತ್ತಿರುವುದು ಕೇಳಿಸಿತು. ಓದು ಮುಗಿದ ಮೇಲೆ ಓಚೋವಾ, "ಇದು ಸಾಲದು. ನಿನ್ನ ಕೈಲಿ ಇದಕ್ಕಿಂತ ಚೆನ್ನಾಗಿ ಆಗುತ್ತೆ. ಇನ್ನೊಂದು ಸಲ ಬರಿ, ನಾನಿಲ್ಲೇ ಇರ್ತೀನಿ" ಅಂದಳು. ಯಾರಿಟ್ಸಾ ಗೊಣಗಿದಳು. ಕಾಗದ ಹರಿದ ಸದ್ದು, ಹೊಸ ಹಾಳೆ ಎಳೆದ ಸದ್ದು.

ಎಲ್ವಿರಾ ಅಲ್ಲೇ ಗೋಡೆಗೆ ಕೈಯೂರಿ ಅತ್ತಳು. ಹದಿನೆಂಟನೇ ವಯಸ್ಸಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಇಷ್ಟೇ ಮಾತು. ಬಾಗಿಲಿನಿಂದ ಓಚೋವಾ ತಲೆ ಹಾಕಿ, ಅಳುವುದಾದರೆ ಒಳಗೆ ಕೂತು ಅಳಿ, ಎಡಿನ್‌ಬರ್ಗಿನವರಲ್ಲಿ ಓದು ಬಿಟ್ಟವರಿಗೆಂದೇ ಇನ್ನೊಂದು ಅರ್ಜಿಯೂ ಇದೆ ಎಂದಳು.