ಗೂಬೆಗೆ ಕೊಟ್ಟ ಕೊಸರು

ಬೋಳಾರದ ರಾಜೀವಿಯ ಗಂಟಲು ಗೊತ್ತಿಲ್ಲದ ಮನೆ ಬಲ್ಮಠದ ಆಸುಪಾಸಿನಲ್ಲಿ ಇರಲಿಕ್ಕಿಲ್ಲ. ಮುಂಜಾನೆ ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ ಏಲಂ ಕೂಗುವವರ ನಡುವೆ ಮೊಣಕೈ ತೂರಿಸಿ ಬುಟ್ಟಿ ತುಂಬಿಸಿಕೊಂಡಳೆಂದರೆ, ಬಿಸಿಲು ನೆತ್ತಿಗೇರುವುದರೊಳಗೆ ಗೇಟಿನಿಂದ ಗೇಟಿಗೆ ಕೂಗಿ ಮುಗಿಸಬೇಕು. ಗಂಡ ಸೊಂಟ ಹಿಡಿದುಕೊಂಡು ಬೋಟಿನ ಕೆಲಸ ಬಿಟ್ಟಂದಿನಿಂದ ಮನೆ ನಿಂತದ್ದೇ ಅವಳ ತಲೆಯ ಮೇಲಿನ ಬುಟ್ಟಿಯಿಂದ. ಮಾತಿನಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. "ಬಂಗುಡೆ ಹಳತಲ್ವಾ?" ಎಂದು ಮೂಗು ಮುರಿದವರಿಗೆ, "ಹೌದಮ್ಮ, ನಿಮ್ಮ ಮದುವೆಗೆ ತಂದು ಉಳಿದದ್ದು" ಎನ್ನುವಳು. ಅವರು ನಗುವಷ್ಟರಲ್ಲಿ ಅದೇ ಬಂಗುಡೆ ಅವರ ಪಾತ್ರೆಗೆ ಬಿದ್ದಿರುತ್ತಿತ್ತು.

ಅಂಥ ಬಾಯಿ ಮುಚ್ಚಿ ಕೂರುತ್ತಿದ್ದ ಜಾಗ ಒಂದೇ, ಇಳಿಜಾರಿನ ಸಣ್ಣ ಪಾರ್ಕು. ಅಲ್ಲಿ ಹಳೆಯದೊಂದು ಮಳೆಮರವಿತ್ತು. ಕೊಂಬೆ ಮುರಿದು ಆದ ಪೊಟರೆಯ ಬಾಯಲ್ಲಿ ಮುಷ್ಟಿಗಾತ್ರದ ಗೂಬೆಯೊಂದು ಮಧ್ಯಾಹ್ನ ಬಿಸಿಲು ಕಾಯುತ್ತಿತ್ತು. ಬೂದುಕಂದು ಮೈ, ಮೇಲೆಲ್ಲ ಅಕ್ಕಿ ಎರಚಿದ ಹಾಗೆ ಬಿಳಿ ಚುಕ್ಕೆ, ಹಳದಿ ಕಣ್ಣು. ರಾಜೀವಿ ಬೆಂಚಿನ ಮೇಲೆ ಕೂತ ಕೂಡಲೇ ಅದು ಕಣ್ಣು ತೆರೆದು, ಕತ್ತು ಮೇಲೆ ಕೆಳಗೆ ಆಡಿಸಿ, ಅವಳನ್ನು ನೆಟ್ಟ ನೋಟದಲ್ಲಿ ನೋಡುತ್ತಿತ್ತು.

"ಇದು ತೀರಿಹೋದ ನಮ್ಮ ಮಾಮಿಯೇ, ಪೊರ್ಬುಗಳೇ," ಎಂದಳು ಒಮ್ಮೆ, ಪಾರ್ಕಿನ ವಾಚ್‌ಮನ್ ಹ್ಯೂಬರ್ಟನಿಗೆ; ಕ್ರಿಸ್ತುವರನ್ನೆಲ್ಲ ಅವಳು ಪೊರ್ಬುಗಳೆಂದೇ ಕರೆಯುವುದು. "ಸೊಸೆ ಕೂತದ್ದು ಕಾಣಬಾರದು, ಕಣ್ಣು ಬಿಡ್ತಾರೆ."

"ಅತ್ತೆಯಾದ್ರೆ ಇಷ್ಟು ಹೊತ್ತು ಸುಮ್ಮನಿರ್ತಿದ್ರಾ ರಾಜೀವಕ್ಕ?" ಎಂದ ಹ್ಯೂಬರ್ಟ್, ಉದುರಿದ ಎಲೆ ಗುಡಿಸುತ್ತ.

ತಮಾಷೆ ತಮಾಷೆಯ ಮಾತು. ಒಳಗಿನದು ಬೇರೆ. ದಿನವಿಡೀ ನೂರು ಜನ ಅವಳ ಮುಂದೆ ಬಗ್ಗಿದರೂ ನೋಡುವುದು ಮೀನಿನ ಕಿವಿರನ್ನು. ಅವಳ ಮುಖವನ್ನು ದಿನಾ ಹೀಗೆ ಪುರುಸೊತ್ತಿನಲ್ಲಿ ನೋಡುವ ಜೀವ ಈ ಪೇಟೆಯಲ್ಲಿ ಇದೊಂದೇ. ಅಪಶಕುನದ ಹಕ್ಕಿ ಎಂದು ನೆರೆಮನೆಯವರು ಹೆದರಿಸಿದರೆ, ಅದಕ್ಕೂ ಉತ್ತರ ಕೊಟ್ಟು ಬಾಯಿ ಮುಚ್ಚಿಸಿದ್ದಳು.

ಮೀನು ಮಾರುವವರಲ್ಲಿ ಒಂದು ಕ್ರಮ ಉಂಟು. ಕಾಯಂ ಗಿರಾಕಿಗೆ ಲೆಕ್ಕದ ಮೀನು ಕೊಟ್ಟ ಮೇಲೆ, ಕೇಳದೆಯೇ ಮೇಲಿಂದ ಒಂದೆರಡು ಸಣ್ಣ ಮೀನು ಹಾಕಬೇಕು. ಅದು ಕೊಸರು. ಕೊಸರು ಕೊಡದವಳ ಬುಟ್ಟಿಗೆ ಏಳಿಗೆಯಿಲ್ಲ ಎಂದು ರಾಜೀವಿಯ ತಾಯಿ ಕಲಿಸಿದ್ದರು. ಒಂದು ದಿನ ಬುಟ್ಟಿಯ ತಳದಲ್ಲಿ ಬೂತಾಯಿ ಮೀನು ಉಳಿದಾಗ ಅವಳ ಕೈ ತಾನಾಗಿ ಆಡಿತು. ಈ ಗಿರಾಕಿಯಷ್ಟು ಕಾಯಂ ಯಾರಿದ್ದಾರೆ? ಮರದ ಬುಡದ ಕವಲಿನಲ್ಲಿ ಎರಡು ಬೂತಾಯಿ ಇಟ್ಟು ಹೋದಳು. ಮರುದಿನ ನೋಡಿದರೆ ಒಂದು ಮುಳ್ಳೂ ಇರಲಿಲ್ಲ. ಅವಳಿಗೆ ಹೊಟ್ಟೆ ತುಂಬಿದಷ್ಟು ಹಿಗ್ಗು. ಆ ಮೇಲೆ ಗೂಬೆಯ ಪಾಲು ತಪ್ಪಲಿಲ್ಲ. ವಾಸನೆ ಬರುತ್ತದೆಂದು ಗೊಣಗಿದ ಹ್ಯೂಬರ್ಟನ ಬಾಯಿಗೂ ಒಂದು ಬಂಗುಡೆ ಬಿತ್ತು.

ತಿಂದದ್ದು ಯಾರು ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಅವಳು ಗೇಟು ದಾಟುವ ಮೊದಲೇ ಕಾಗೆಗಳು ಮಳೆಮರದಲ್ಲಿ ಸಾಲು ಕೂತು ಕಾಯತೊಡಗಿದವು. ಒಂದು ಮಧ್ಯಾಹ್ನ ಅವುಗಳಲ್ಲೊಂದರ ಕಣ್ಣು ಪೊಟರೆಯ ಮೇಲೆ ಬಿತ್ತು. ಅದು ಕರೆದ ಕರೆಗೆ ಬಲ್ಮಠದ ಕಾಗೆಗಳೆಲ್ಲ ಬಂದವೋ ಎಂಬಂತೆ ಮರ ಕಪ್ಪಾಯಿತು. ಒಂದು ಗೂಬೆಯ ಬಾಲ ಎಳೆಯಿತು, ಇನ್ನೊಂದು ಅದರ ನೆತ್ತಿಗೆ ಕುಕ್ಕಿತು. ರಾಜೀವಿ ಬುಟ್ಟಿಯ ಮುಚ್ಚಳ ಬೀಸಿದಳು, ಕಲ್ಲು ಎಸೆದಳು, ನೂರು ಮನೆಗೆ ಕೇಳುವ ತನ್ನ ಗಂಟಲಿನಲ್ಲಿ ಕೂಗಿದಳು. ಕಾಗೆಗಳು ಒಂದು ಕೊಂಬೆ ಮೇಲಕ್ಕೆ ಹೋಗಿ ಮತ್ತೆ ಇಳಿದವು. ಗೂಬೆ ಒಂದು ಕಣ್ಣು ಮುಚ್ಚಿಕೊಂಡು ಒಳಗೆ ಸರಿಯಿತು. ಆ ಕಣ್ಣಿನ ಮೇಲೆ ರಕ್ತ ಕಂಡಿತ್ತು.

ಮರುದಿನದಿಂದ ಕೊಸರು ನಿಂತಿತು. ಕಾಗೆ ನಿಲ್ಲಲಿಲ್ಲ. ಬುಟ್ಟಿಯನ್ನು ಅಂಗಡಿಯೊಂದರಲ್ಲಿಟ್ಟು ಬರಿಗೈಯಲ್ಲಿ ಬಂದಳು. ಸಾಬೂನು ಹಾಕಿ ಮೈ ಉಜ್ಜಿ, ಮದುವೆಗೆ ಉಡುವ ಸೀರೆಯುಟ್ಟು ಬಂದಳು. ಕೊಡೆ ಮರೆ ಮಾಡಿಕೊಂಡೂ ನೋಡಿದಳು. ತಂತಿಯ ಮೇಲಿನ ಕಾಗೆಗೆ ಅವಳ ನಡಿಗೆಯೇ ಸಾಕಿತ್ತು. ಒಂದು ಕೂಗಿದರೆ ಹತ್ತು ಹಿಂದೆ ಬರುತ್ತಿದ್ದವು, ಬಂದವು ನೇರ ಪೊಟರೆಗೆ.

ಹ್ಯೂಬರ್ಟ್ ಪಾರ್ಕು ನೋಡಿಕೊಳ್ಳುವ ಆಫೀಸಿಗೆ ಫೋನು ಮಾಡಿ ಕೇಳಿದ್ದ. "ಕಾಗೆಗೆ ನಾವೆಂತ ಮಾಡುದು ಅಂತ ಕೇಳಿದ್ರು," ಎಂದ. ಆಮೇಲೆ ಪೊರಕೆಯ ಹಿಡಿ ನೋಡುತ್ತ, "ಒಂದು ಮಾತು ಹೇಳಿದ್ರೆ ಬೇಜಾರು ಮಾಡ್ಬೇಡಿ ಅಕ್ಕ. ಮೊನ್ನೆ ನೀವು ಬರ್ಲಿಲ್ಲ ಅಲ್ವಾ, ಕಾಗೆಯೂ ಇರ್ಲಿಲ್ಲ. ಅದು ಹೊರಗೆ ಬಂದು ಕೂತಿತ್ತು."

"ಕಣ್ಣು?"

"ಒಂದು ಬಿಡ್ತದೆ. ಇನ್ನೊಂದು ನಂಗೆ ಸರಿ ಕಾಣ್ಲಿಲ್ಲ."

ರಾಜೀವಿ ಪೊಟರೆಯ ಕಡೆ ತಿರುಗಿದಳು. "ನಾನು ಕೇಡು ಮಾಡ್ಲಿಕ್ಕೆ ಕೊಟ್ಟದ್ದಲ್ಲ ಅಂತ ಅದಕ್ಕೆ ಗೊತ್ತುಂಟಾ, ಪೊರ್ಬುಗಳೇ?" ಎಂದಳು.

ಹ್ಯೂಬರ್ಟ್ ಎಲೆ ಗುಡಿಸತೊಡಗಿದ.

ಈಗ ಅವಳ ಮಧ್ಯಾಹ್ನ ಬಸ್‌ಸ್ಟಾಪಿನ ಕಬ್ಬಿಣದ ಬೆಂಚಿನಲ್ಲಿ ಕಳೆಯುತ್ತದೆ. ಮೊನ್ನೆ ಮನಸ್ಸು ತಡೆಯದೆ ರಸ್ತೆಯ ಈಚೆ ಬದಿಯಲ್ಲಿ, ಪಾರ್ಕಿನ ಗೇಟಿಗೆ ಎದುರಾಗಿ ನಿಂತಳು. ಮರ ಕಾಣುತ್ತಿತ್ತು, ಪೊಟರೆ ಇದ್ದದ್ದು ಆಚೆ ಮಗ್ಗುಲಲ್ಲಿ. ಗೇಟಿನಲ್ಲಿದ್ದ ಹ್ಯೂಬರ್ಟನಿಗೆ ಕೈಯೆತ್ತಿ, "ಉಂಟಾ?" ಎಂದು ಸನ್ನೆಯಲ್ಲಿ ಕೇಳಿದಳು. ಬಸ್ಸೊಂದು ಅಡ್ಡ ಬಂದು ನಿಂತಿತು. ಅದು ಹೊರಡುವುದನ್ನು ಕಾಯುತ್ತಿದ್ದಂತೆ ತಲೆಯ ಮೇಲಿನ ತಂತಿಯಲ್ಲಿ ಕಾಗೆಯೊಂದು ಕೂಗಿತು. ಬಸ್ಸು ಸರಿಯುವ ಮೊದಲೇ ರಾಜೀವಿ ಬುಟ್ಟಿಯನ್ನು ತಲೆಗೇರಿಸಿ, ಪಾರ್ಕಿಗೆ ಬೆನ್ನು ಹಾಕಿ, ಕಾಗೆಗೆ ಕಾಣುವ ಹಾಗೆ ನಿಧಾನವಾಗಿ ಇಳಿಜಾರು ಇಳಿದಳು.